ಚಾಪೆಹುಲ್ಲಿಗೆ ಬಿಟ್ಟ ಒಂದಡಿ

ಎಣಿಸುವಾಗ ಆರಕ್ಕೆ ಬಂದರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಈ ಚಟ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ, ಮಸ್ಕಿಯ ನಮ್ಮ ಶಾಲೆಯ ಹುಡುಗಿಯರು ಕಂಡುಹಿಡಿದರು. ಬೆಳಗಿನ ಪ್ರಾರ್ಥನೆಯ ಸಾಲು ಎಣಿಸುತ್ತ 'ನಾಲ್ಕು, ಐದು' ಎಂದು ಸರಸರ ಬಂದು, ತಡೆದು, 'ಆರು' ಎಂಬುದನ್ನು ಮಾತ್ರ ಗದರಿಸಿದಂತೆ ಹೇಳಿ ಮುಂದೆ ಹೋಗುತ್ತೇನಂತೆ. ಅದಕ್ಕೇ ಸಾಲಿನಲ್ಲಿ ಆರನೆಯವಳಾಗಿ ನಿಲ್ಲಲು ಯಾರೂ ಒಪ್ಪುವುದಿಲ್ಲ. ವಿಜ್ಞಾನ ಕಲಿಸುವ ಟೀಚರಿಗೆ ಒಂದು ಅಂಕಿಯ ಅಂಜಿಕೆ ಇದೆ ಎಂದರೆ ಮರ್ಯಾದೆ ಉಳಿಯುತ್ತದೆಯೇ, ನೀವೇ ಹೇಳಿ. ನಾನು ಈಗಿರುವ ಲಿಂಗಸುಗೂರಿನ ಸಂತೆಯಲ್ಲೂ ಅಷ್ಟೇ. ನಿಂಬೆಹಣ್ಣಿನವಳು ಎಣಿಸಿ ಚೀಲಕ್ಕೆ ಹಾಕುವಾಗ ಐದಾದ ಮೇಲೆ ನನಗರಿವಿಲ್ಲದೆ ಅವಳ ಕೈ ಹಿಡಿಯುತ್ತೇನೆ. "ನಾ ಮೋಸ ಮಾಡಾಂಗಿಲ್ರೀ ಅಕ್ಕಾರ" ಎನ್ನುತ್ತಾಳೆ. ಮೋಸ ಮಾಡಿದವಳು ನಾನು ಎಂದು ಅವಳಿಗೆ ಹೇಗೆ ಹೇಳಲಿ? ಅದೂ ನಲವತ್ತು ವರ್ಷಗಳ ಹಿಂದೆ, ಐದನೇ ಇಯತ್ತೆಯಲ್ಲಿದ್ದಾಗ, ಒಂದು ಕೆರೆಗೆ.

ಅಪ್ಪನ ಕೆಲಸ ಆ ಕೆರೆಯ ಗೇಜ್ ನೋಡುವುದು. ನಮ್ಮೂರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಿಂದ ತುಸು ಒಳಗಿದೆ. ಕಾಲುವೆಯ ನೀರು ತುಂಬಿಸಿಕೊಂಡು ಊರಿಗೆ ಕುಡಿಯಲು ಕೊಡುವ ಕೆರೆ ಅದು. ಒಡ್ಡಿನ ಪಕ್ಕ ನೀರಿನಲ್ಲಿ ಒಂದು ಕಲ್ಲುಕಂಬ, ಅದರ ಮೇಲೆ ಅಡಿಗೊಂದು ಗೆರೆ, ಗೆರೆಗೊಂದು ಅಂಕಿ. ನೀರು ಎಂಟರ ಗೆರೆ ಮುಟ್ಟುವ ತನಕ ಕಾಲುವೆಯ ನೀರು ಒಳಬಿಡುವ ತೂಬು ತೆರೆದಿರಬೇಕು, ಮುಟ್ಟಿತೋ ಮುಚ್ಚಬೇಕು. ದಿನ ಬೆಳಗಾದರೆ ಅಪ್ಪ ಮಟ್ಟ ನೋಡಿ ಸರಕಾರದ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಮನೆಗೆ ಬಂದು ಅದನ್ನೇ ತನ್ನ ಸ್ವಂತದ ಉದ್ದನೆಯ ಪುಸ್ತಕದಲ್ಲೂ ಬರೆಯುತ್ತಿದ್ದ. ಎರಡೆರಡು ಸಲ ಯಾಕೆ ಎಂದು ಅವ್ವ ಕೇಳಿದರೆ, "ಸರಕಾರದ್ದು ಸರಕಾರಕ್ಕ, ನಮ್ಮದು ನಮಗ. ನಾಳೆ ಯಾರರ ಕೇಳಿದ್ರ ಬಾಯಿ ಬಾಯಿ ಬಿಡಬಾರದು ನೋಡು" ಎನ್ನುತ್ತಿದ್ದ. ನಮ್ಮ ಕೇರಿಯಿಂದ ಸರಕಾರಿ ಕೆಲಸಕ್ಕೆ ಸೇರಿದ ಮೊದಲನೆಯವನು ಅವನು. ಅವನ ಒಂದು ತಪ್ಪಿಗಾಗಿ ಕಾದವರು ಎಷ್ಟು ಜನ ಇದ್ದರೆಂಬುದು ಮಕ್ಕಳಾದ ನಮಗೆ ತಿಳಿಯುತ್ತಿರಲಿಲ್ಲ. ಮನೆಗೆ ನೆಂಟರು ಬಂದರೆ ಬೇರೆಯವರು ಮದುವೆಯ ಫೋಟೊ ತೋರಿಸುತ್ತಾರೆ, ಅಪ್ಪ ಆ ಪುಸ್ತಕಗಳನ್ನು ತೋರಿಸಿ, "ಒಂದು ತಪ್ಪು ತೆಗೀರಿ ನೋಡೋಣ" ಎನ್ನುತ್ತಿದ್ದ. ಪಾಪ, ನೆಂಟರು ಚಹಾ ಆರುವ ತನಕ ಹಾಳೆ ತಿರುವುತ್ತಿದ್ದರು.

ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಕಂಬದ ಅಂಕಿಗಳಿಗೆ ಹೊಸದಾಗಿ ಬಣ್ಣ ಹಚ್ಚುವುದು ಪದ್ಧತಿ. ಆ ವರ್ಷ ಬುದ್ಧ ಪೂರ್ಣಿಮೆಯ ಹಿಂದಿನ ದಿನ ಅಪ್ಪನಿಗೆ ಚಳಿಜ್ವರ ಬಂತು. ನನ್ನ ಅಕ್ಷರ ದುಂಡಗೆ ಇತ್ತು, ಶಾಲೆಯಲ್ಲಿ ಬಹುಮಾನ ಬೇರೆ ಬಂದಿತ್ತು, ತಲೆ ನಿಲ್ಲಬೇಕಲ್ಲ. "ನಾ ಬರೀತೀನಿ" ಎಂದು ಡಬ್ಬಿ ಹಿಡಿದು ಹೊರಟೆ. ಹಳೆಯ ಅಂಕಿಗಳೆಲ್ಲ ಅಳಿಸಿ ಹೋಗಿದ್ದವು, ಗೆರೆ ಮಾತ್ರ ಉಳಿದಿದ್ದವು. ಐದರ ಹೊಟ್ಟೆ ಸರಿಯಾಗಿ ಬರಲಿಲ್ಲ. ಒರೆಸಿದೆ, ಬರೆದೆ, ದೂರ ನಿಂತು ನೋಡಿದೆ, ಮತ್ತೆ ಒರೆಸಿದೆ. ಕಡೆಗೆ ಹೊಟ್ಟೆ ಮನಸ್ಸಿಗೆ ಬಂತು. ಆ ಖುಷಿಯಲ್ಲಿ ಮೇಲಿನ ಗೆರೆಗೆ ಏಳು ಬರೆದೆ, ಅದರ ಮೇಲೆ ಎಂಟು, ಒಂಬತ್ತು. ಊರಿನವರು ನೋಡಿ ಮುದ್ದಾದ ಅಕ್ಷರ ಎಂದು ಹೊಗಳಿದರು.

ಮಳೆಗಾಲ ಬಂತು, ಕಾಲುವೆಗೆ ನೀರು ಬಂತು, ಕೆಳಗಿನ ಅಂಕಿಗಳು ಮುಳುಗಿದವು. ಒಂದು ದಿನ ಶಾಲೆಯಲ್ಲಿ ನಿಂತು ಆರರ ಮಗ್ಗಿ ಹೇಳುವಾಗ 'ಆರೊಂದ್ಲೆ' ಎಂದವಳು ಅಲ್ಲೇ ನಿಂತುಬಿಟ್ಟೆ. ಕಂಬದ ಮೇಲೆ ಆರು ಬರೆದ ನೆನಪು ನನಗಿರಲಿಲ್ಲ. ಸಂಜೆ ಓಡಿ ಹೋಗಿ ನೋಡಿದರೆ ನೀರು ಎಂಟನ್ನು ಮುಟ್ಟಿತ್ತು, ತೂಬು ಮುಚ್ಚಿತ್ತು, ಅಪ್ಪ ಎರಡೂ ಪುಸ್ತಕಗಳಲ್ಲಿ ಎಂಟು ಎಂದು ಬರೆದು ಸಹಿ ಮಾಡಿದ್ದ. ಕೆರೆಯಲ್ಲಿ ಇದ್ದದ್ದು ಏಳೇ ಅಡಿ. ಹೇಳಲು ಬಾಯಿ ಬರಲಿಲ್ಲ.

ಆದರೆ ಕೆರೆಯ ಮೇಲಿನ ತುದಿಯಲ್ಲಿ ಬೇರೆಯೇ ನಡೆದಿತ್ತು. ಹಳ್ಳ ಬಂದು ಕೆರೆ ಸೇರುವ ಜಾಗ ಅದು, ನಾವು ಹಳ್ಳದ ಬಾಯಿ ಎನ್ನುತ್ತಿದ್ದೆವು. ಒಡ್ಡಿನ ಹತ್ತಿರ ಒಂದಡಿ ನೀರು ಕಡಿಮೆಯಾದರೆ ಒಂದು ಮೆಟ್ಟಿಲು ಕಾಣುತ್ತದೆ, ಅಷ್ಟೆ. ಹಳ್ಳದ ಬಾಯಿ ರೊಟ್ಟಿಯ ಹಂಚಿನಷ್ಟು ಚಪ್ಪಟೆ. ಅಲ್ಲಿ ಅದೇ ಒಂದಡಿಗೆ ನೂರಾರು ಹೆಜ್ಜೆ ಕೆಸರು ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಕೆಸರಿನಲ್ಲಿ ಆ ವರ್ಷ ಹೊನಗೊನೆ ಸೊಪ್ಪು ಹಾಸಿಕೊಂಡು ಬಂತು, ಅದರ ಹಿಂದೆ ಚಾಪೆಹುಲ್ಲು ಎದ್ದಿತು. ಮನುಷ್ಯರು ಮರೆಯಾಗುವಷ್ಟು ಎದ್ದಿತು.

ಚಾಪೆಹುಲ್ಲು ಎಂದರೆ ನಮ್ಮೂರಲ್ಲಿ ಖತೀಜಮ್ಮ ಎಂದೇ ಅರ್ಥ. ನಮ್ಮ ಕೇರಿಯ ಆಚೆ ಬದಿಗೆ ಅವಳ ಮನೆ, ಮನೆಯ ಮುಂದೆ ಬೇವಿನ ನೆರಳಲ್ಲಿ ಮಗ್ಗ. ಹುಲ್ಲು ಸೀಳಿ, ಒಣಗಿಸಿ, ಪುಂಡಿನಾರಿನ ಹುರಿ ಹಾಕಿ ಚಾಪೆ ನೇಯುತ್ತಿದ್ದಳು. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ಮಲಗಿಸುವುದು ಅವಳ ಹೊಸ ಚಾಪೆಯ ಮೇಲೆ. ನಾನೂ ಅದರ ಮೇಲೆ ಮಲಗಿದವಳೇ. ಮುಸಲ್ಮಾನರಲ್ಲಿ ಯಾರಾದರೂ ತೀರಿಕೊಂಡರೆ ಕಬರಿನಲ್ಲಿ ಹಲಗೆ ಇಟ್ಟು, ಅದರ ಮೇಲೆ ಚಾಪೆ ಹಾಸಿ, ಆಮೇಲೆ ಮಣ್ಣು ಎಳೆಯುತ್ತಾರೆ. ಆ ಚಾಪೆಯೂ ಅವಳದೇ. ಬರುವವರಿಗೂ ಹೋಗುವವರಿಗೂ ತಾನೇ ಹಾಸಬೇಕು ಎಂದು ಅವಳು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಆ ವರ್ಷ ಹುಲ್ಲಿನ ಹೊರೆ ಹೊತ್ತು ಬಂದವಳು ನಮ್ಮ ಕಟ್ಟೆಗೆ ಇಳಿಸಿ, "ಏನ್ ಬೇಟಿ, ಈ ಸಲ ಕೆರಿಗೆ ಬುದ್ಧಿ ಬಂದೈತಿ" ಎಂದಳು. ಬುದ್ಧಿ ಇಲ್ಲದ್ದು ಯಾರಿಗೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಮುಂದಿನ ಬೇಸಿಗೆಗೆ ನೀರು ಇಳಿಯತೊಡಗಿತು. ನನ್ನ ಸುಳ್ಳು ಏಳರ ಗೆರೆ ನೀರಿನಿಂದ ಮೇಲೆದ್ದ ದಿನ ಮಧ್ಯಾಹ್ನ, ನಾಯಿಯೂ ಹೊರಬೀಳದ ಬಿಸಿಲಲ್ಲಿ ಹೋಗಿ, ಅದನ್ನು ಆರು ಮಾಡಿ ಮೇಲಿನವನ್ನೂ ತಿದ್ದಿದೆ. ಹೊಸ ಬಣ್ಣ ಕಾಣಬಾರದೆಂದು ಮಣ್ಣು ತಿಕ್ಕಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಅಪ್ಪ ನೋಡುತ್ತಾನೆ, ಕೆರೆ ಒಂದೇ ದಿನಕ್ಕೆ ಒಂದಡಿ ಇಳಿದಿದೆ. ಒಡ್ಡು ಒಡೆದಿದೆಯೇ ಎಂದು ಕೆರೆಯ ಸುತ್ತ ಎರಡು ಸುತ್ತು ಬಂದ. ತೂಬಿನ ಬಾಯಿಗೆ ಕಿವಿ ಹಚ್ಚಿ ಕೇಳಿದ. ಎಲ್ಲೂ ಸೋರಿಕೆ ಇಲ್ಲ. ಕಡೆಗೆ ಪುಸ್ತಕ ತೆಗೆದು ಮಟ್ಟ ಬರೆದು, ಷರಾ ಎಂಬ ಕಾಲಮ್ಮಿನಲ್ಲಿ 'ವಿಪರೀತ ಬಿಸಿಲು' ಎಂದು ಬರೆದ. ಅವನು ಅದನ್ನು ಬರೆಯುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

ಇದೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಕೆರೆಯ ಬುದ್ಧಿ ಮತ್ತೆ ಕೆಟ್ಟಿದೆ. ಕೆಲವು ವರ್ಷಗಳ ಹಿಂದೆ ಒಡ್ಡನ್ನು ಎರಡಡಿ ಎತ್ತರಿಸಿದರು. ಬೇಸಿಗೆಗೂ ಕೆರೆಗೆ ಪೈಪಿನಲ್ಲಿ ನೀರು ಬರುವಂತಾಯಿತು. ಊರಿಗೆ ಅದು ಒಳ್ಳೆಯದೇ, ಕೊಡ ಹಿಡಿದು ಮೈಲಿ ನಡೆದವರ ಮಗಳು ನಾನು, ಅದನ್ನು ಕೆಟ್ಟದ್ದು ಎನ್ನಲಾರೆ. ಆದರೆ ಕೆರೆ ಈಗ ಹನ್ನೆರಡು ತಿಂಗಳೂ ಒಂದೇ ಮಟ್ಟ. ಹಳ್ಳದ ಬಾಯಿಯ ಕೆಸರಿಗೆ ಬಿಸಿಲೇ ಸೋಕುವುದಿಲ್ಲ. ಅಲ್ಲಿ ಈಗ ಇರುವುದು ಜೊಂಡು ಮಾತ್ರ, ಕಂದು ಕದಿರು ಎತ್ತಿಕೊಂಡು ನಿಲ್ಲುತ್ತದಲ್ಲ, ಅದು. ನೋಡಲು ಚೆಂದ, ನೇಯಲು ಬಾರದು, ಮುರಿದರೆ ಒಳಗೆಲ್ಲ ಗಾಳಿ. ಇನ್ನೊಂದು ಗಿಡಕ್ಕೆ ಕಾಲಿಡಲು ಬಿಡುವುದಿಲ್ಲ. ಚಾಪೆಹುಲ್ಲು ಹೋಯಿತು, ಹೊನಗೊನೆ ಹೋಯಿತು, ಖತೀಜಮ್ಮನ ಮಗ್ಗದ ಮೇಲೆ ಕೋಳಿಗಳು ಕೂರತೊಡಗಿದವು. ಸಿಂಧನೂರಿನಿಂದ ಬೈಕಿನ ಮೇಲೆ ಪ್ಲಾಸ್ಟಿಕ್ ಚಾಪೆ ಬರತೊಡಗಿದವು.

ಎರಡು ವರ್ಷಗಳ ಹಿಂದೆ ಖತೀಜಮ್ಮನ ಗಂಡ ತೀರಿಕೊಂಡ. ನಾನು ಲಿಂಗಸುಗೂರಿನಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಆಗಿತ್ತು. ಅವಳು ಅತ್ತು ಮುಗಿಸಿ ಗೋಡೆಗೆ ಒರಗಿ ಕೂತಿದ್ದಳು. ನನ್ನ ಕೈ ಹಿಡಿದು, "ಗುಲಾಬಿ ಹೂವಿನ ಪ್ಲಾಸ್ಟಿಕ್ ಚಾಪಿ ಹಾಸಿದ್ರಂತ ಸುಜಾತಾ" ಎಂದಳು. "ಜಿಂದಗಿ ತುಂಬ ಚಾಪಿ ಹೆಣದಾಕಿ ಗಂಡ ಅಂವಾ. ಏನಂದುಕೊಂಡಿರಬೇಕು? ನನ್ನ ಹಂಗ ಮುಚ್ಚಬ್ಯಾಡ್ರಿ. ನನ್ನ ಚಾಪಿ ನಾನಾ ಹೆಣಿಬೇಕು, ಈ ಕೆರಿ ಹುಲ್ಲಿನಾಗ." ಆಯ್ತು ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ನನ್ನ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ, ಹಟ ಒಂದಿತ್ತು.

ಮೊದಲ ಹಟ ಬಕೆಟ್ಟಿನಲ್ಲಿ ಮುಳುಗಿತು. ಸಾಲಗುಂದದ ಹತ್ತಿರ ಗದ್ದೆಯ ಬಸಿಗಾಲುವೆಯಲ್ಲಿ ಒಂದು ಹಿಡಿ ಚಾಪೆಹುಲ್ಲು ಇದೆ ಎಂದು ಕೇಳಿ, ಹೋಗಿ ಬೇರುಸಮೇತ ಕಿತ್ತು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಸೀರೆ ತುಂಬ ಕೆಸರು. ಪಕ್ಕದವರು ಕಿಟಕಿಯ ಕಡೆ ಸರಿದರು. ಮಾಳಿಗೆಯ ಮೇಲೆ ನಾಲ್ಕು ಬಕೆಟ್ಟಿನಲ್ಲಿ ನೆಟ್ಟೆ. ದಿನಾಲೂ ಶಾಲೆಗೆ ಹೋಗುವ ಮುಂಚೆ ಸ್ಕೇಲ್ ಹಿಡಿದು ಒಂದಿಂಚೂ ಕಡಿಮೆಯಾಗದಂತೆ ನೀರು ಹಾಕಿದೆ. ಹುಲ್ಲು ಎದ್ದಿತು, ಹಳದಿಯಾಯಿತು, ಬುಡ ಕೊಳೆತು ಸೊಳ್ಳೆ ಹುಟ್ಟಿದವು. ಎದುರುಮನೆಯವರು ಜಗಳಕ್ಕೆ ಬಂದರು. ಸೋತು, ಕೊಳೆತ ಬುಡ ಒಂದನ್ನು ಖತೀಜಮ್ಮನಿಗೆ ಒಯ್ದು ತೋರಿಸಿದೆ.

ಅವಳು ಮೂಸಿ ನೋಡಿ ನಕ್ಕಳು. "ಇಡೀ ದಿನ ಉಣ್ಣಿಸಿದ್ರ ಕೂಸು ಉಳಿತೈತೇನು? ಇದಕ್ಕ ನೀರು ಬರಬೇಕು, ಹೋಗಬೇಕು. ಹೊಟ್ಟಿ ಹಸೀಬೇಕು ಬೇಟಿ. ಹಸದಾಗ ನಾರು ಗಟ್ಟಿ ಆಗತೈತಿ. ಸಾಲ್ಯಾಗ ಏನ್ ಕಲಸ್ತೀ ನೀ?"

"ಹಂಗಾದ್ರ ಕೆರಿಯಾಗ ಬೀಜಾನ ಇಲ್ಲಲ್ಲ, ಎಲ್ಲಿಂದ ಬರಬೇಕು?"

"ಕೆಸರಿನ್ಯಾಗ ಮಲಗ್ಯಾವ. ಬಿಸಲು ಬಿದ್ರ ಏಳ್ತಾವ. ಮೊದಲು ಜೊಂಡಿನ ಕುತ್ತಿಗಿ ಕೊಯ್ಯಿರಿ, ನೀರಿನ ಕೆಳಗ. ಮ್ಯಾಲೆ ಕೊಯ್ದ್ರ ಮತ್ತ ಚಿಗರತೈತಿ, ನೀರಾಗ ಕೊಯ್ದ್ರ ಉಸರು ಕಟ್ಟಿ ಸಾಯ್ತೈತಿ. ಆಮ್ಯಾಲ ಒಂದಡಿ ಇಳಸ್ರಿ."

ಒಂದಡಿ. ಆ ಮಾತನ್ನೇ ಯೋಚಿಸುತ್ತ ಬಸ್ಸಿನಲ್ಲಿ ಬಂದೆ. ಕುಡಿಯುವ ನೀರಿನ ಕೆರೆಯಲ್ಲಿ ಒಂದಡಿ ಕಡಿಮೆ ಮಾಡಿ ಎಂದರೆ ಪಂಚಾಯಿತಿಯವರು ಒಪ್ಪುತ್ತಾರೆಯೇ? ಊರಿಗೆ ನೀರು ಕಡಿಮೆ ಬೀಳುವುದಿಲ್ಲ ಎಂದು ಯಾವ ಆಧಾರದ ಮೇಲೆ ಹೇಳಲಿ? ಆಧಾರ ಇತ್ತು. ಒಂದೇ ಒಂದು ವರ್ಷದ್ದು. ಅದು ನನ್ನ ಮನೆಯಲ್ಲೇ, ಅಪ್ಪನ ಟ್ರಂಕಿನಲ್ಲಿ, ಸುಳ್ಳು ಅಂಕಿಯಾಗಿ ಕೂತಿತ್ತು.

ಅಪ್ಪ ಈಗ ನನ್ನ ಜೊತೆಗೇ ಇದ್ದಾನೆ. ಎಂಬತ್ತು ದಾಟಿದೆ, ಕಣ್ಣು ಚುರುಕಾಗಿವೆ, ನಾಲಿಗೆ ಇನ್ನೂ ಚುರುಕು. ಊಟವಾದ ಮೇಲೆ ಎದುರಿಗೆ ಕೂತು ಎಲ್ಲ ಹೇಳಿದೆ. ಐದರ ಹೊಟ್ಟೆಯಿಂದ ಹಿಡಿದು ಮಣ್ಣು ತಿಕ್ಕಿದ್ದರ ತನಕ. ಅವನು ಬೈಯಲಿಲ್ಲ. "ಯಾವ ವರ್ಷ?" ಎಂದು ಕೇಳಿ, ಟ್ರಂಕು ತೆಗೆಸಿ, ಪುಸ್ತಕ ಹುಡುಕಿ, ಬೆರಳಿಟ್ಟು ಕೆಳಗಿಳಿಯುತ್ತ 'ವಿಪರೀತ ಬಿಸಿಲು' ಎಂಬಲ್ಲಿ ನಿಂತ. "ಆ ದಿನದ ಬಿಸಲು ನೆನಸಿದ್ರ ನನಗ ಈಗೂ ಬೆವರು ಬರ್ತೈತಿ" ಎಂದ. "ಅಂಥಾ ಬಿಸಲು ಮತ್ತ ಕಾಣಲಿಲ್ಲಲ್ಲ ಅಂತ ಎಷ್ಟು ಮಂದಿಗಿ ಹೇಳೀನಿ." ಅಷ್ಟು ಹೇಳಿ ಪುಸ್ತಕ ಮುಚ್ಚಿ ಮಲಗಿದ. ಮರುದಿನ ಮಾತಿಲ್ಲ. ಅದರ ಮರುದಿನವೂ ಇಲ್ಲ. ಮಜ್ಜಿಗೆ ಬೇಕೇನು ಎಂದರೂ ಗೋಡೆಯ ಕಡೆ ಮುಖ. ಬೈದಿದ್ದರೆ ಬದುಕುತ್ತಿದ್ದೆ. ಜೀವಮಾನದ ಗಳಿಕೆಯನ್ನು ಒಂದು ಹುಲ್ಲಿಗಾಗಿ ಕಿತ್ತುಕೊಂಡೆನಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಆದರೂ ಪಂಚಾಯಿತಿಗೆ ಅರ್ಜಿ ಬರೆದೆ. ಅತ್ತೂ ಬರೆದೆ ಎನ್ನಿ. ಮೂರನೆಯ ದಿನ ಅಪ್ಪ ಚಹಾ ಕುಡಿಯುತ್ತ, "ಮೀಟಿಂಗ್ ಎಂದೈತಿ?" ಎಂದ.

ಮೀಟಿಂಗಿಗೆ ನಾವಿಬ್ಬರೂ ಹೋದೆವು. ನಾನು ಶಾಲೆಯಲ್ಲಿ ಪಾಠ ಮಾಡುವಂತೆ ಕೆಸರು, ಬೀಜ, ಬಿಸಿಲು ಎಂದು ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ಆಕಳಿಸಿದರು. ಊರಿನ ನೀರು ಬಿಡುವ ನೀರಗಂಟಿ ಬಸಣ್ಣ ಕೈ ಮುಗಿದು, "ನಿಮ್ಮ ಮಾತು ಖರೆ ಇರಬೌದ್ರೀ ಅಕ್ಕಾರ. ಆದ್ರ ನೀರು ಕಡಿಮಿ ಬಿದ್ರ ಕೊಡ ತಗೊಂಡು ನಿಮ್ಮ ಮನಿಗೆ ಬರಾಂಗಿಲ್ಲ, ನನ್ನ ಮನಿಗೆ ಬರ್ತಾರ" ಎಂದ. ಹಿಂದಿನ ಸಾಲಿನಿಂದ ಒಬ್ಬರು, "ಕುಡಿಯಾಕ ನೀರಿಲ್ಲಂದ್ರ ಚಾಪಿ ಹಾಸ್ಕೊಂಡು ಮಲಗೂಣೇನ್ರೀ?" ಎಂದರು. ನಗೆ ಎದ್ದಿತು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೋಲೂರಿ ಎದ್ದ.

"ನನ್ನ ಪುಸ್ತಕದಾಗ ತಪ್ಪೈತಿ" ಎಂದ. ಆ ಪುಸ್ತಕ ನೋಡಿ ಚಹಾ ಆರಿಸಿಕೊಂಡವರ ಮಕ್ಕಳು ಅಲ್ಲಿ ಬಹಳ ಜನ ಇದ್ದರು. "ಇಡೀ ಒಂದು ವರ್ಷದ್ದು ತಪ್ಪೈತಿ. ಎಂಟು ಬರದೀನಿ, ಇದ್ದದ್ದು ಏಳು. ಆ ಏಳರಾಗ ಊರು ಕುಡದೈತಿ, ದನ ಕುಡದಾವ. ಯಾರೂ ಕೊಡ ತಗೊಂಡು ನಮ್ಮ ಮನಿಗೆ ಬಂದಿಲ್ಲ. ಊರು ಈಗ ದೊಡ್ಡದಾಗೈತಿ ಅಂತೀರಿ. ಒಡ್ಡೂ ಎರಡಡಿ ಎದ್ದೈತಿ. ಈಗ ಒಂದಡಿ ಬಿಟ್ರೂ ಆಗಿನಕಿಂತ ಎರಡಡಿ ಹೆಚ್ಚಾ ಉಳಿತೈತಿ. ಲೆಕ್ಕ ಹಾಕ್ರಿ."

"ತಪ್ಪು ಹ್ಯಾಂಗಾತ್ರೀ ಯಜಮಾನ್ರ?" ಎಂದು ಅಧ್ಯಕ್ಷೆ ಕೇಳಿದಳು.

"ಗೇಜ್ ನನ್ನ ತಾಬೇದಾಗಿತ್ತು. ಬರದಾಂವ ನಾ. ತಪ್ಪು ನಂದು."

ನನಗೆ ಕೂರಲಾಗಲಿಲ್ಲ. ಎದ್ದು ನಿಂತು, "ಬಣ್ಣ ಹಚ್ಚಿದಾಕಿ ನಾನ್ರೀ. ಆರು ಬಿಟ್ಟಿದ್ದೆ" ಎಂದೆ. ಐವತ್ತು ವರ್ಷದ ಹೆಂಗಸು ಹತ್ತು ವರ್ಷದವಳ ದನಿಯಲ್ಲಿ ಹೇಳಿದ್ದಕ್ಕೋ ಏನೋ, ಹಿಂದಿನ ಸಾಲಿನವರು ಈ ಸಲ ನಗಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, "ಕೂಡು, ಈಗೇನು ಬಹುಮಾನ ಕೊಡಾಂಗಿಲ್ಲ" ಎಂದ. ಆ ಮುನಿಸಿನ ಮೇಲೆ ಅವನು ನನಗೆ ಆಡಿದ ಎರಡನೆಯ ಮಾತು ಅದು, ನನಗೆ ಹಿಗ್ಗಾಯಿತು. ಅಧ್ಯಕ್ಷೆ ಪಕ್ಕದವರ ಜೊತೆ ಮಾತಾಡಿ, "ಒಂದು ವರ್ಷ. ನೀರು ಕಡಿಮಿ ಬಿತ್ತಂದ್ರ ಅದಾ ದಿನ ತುಂಬಸ್ತೀವಿ" ಎಂದು ಬರೆಸಿದಳು.

ಸಂಕ್ರಾಂತಿ ಕಳೆದ ಮೇಲೆ ಜೊಂಡು ಕೊಯ್ದೆವು. ನಾನು, ಬಸಣ್ಣ, ಊರಿನ ಮಹಿಳಾ ಸಂಘದ ಆರು ಜನ ಹೆಂಗಸರು, ಸೊಂಟಮಟ್ಟ ನೀರು. ನೀರಿನ ಕೆಳಗೆ ಕಣ್ಣಿಗೆ ಕಾಣದ್ದನ್ನು ಕುಡುಗೋಲಿನಿಂದ ಕೊಯ್ಯುವುದು ಪುಸ್ತಕ ಓದಿದಷ್ಟು ಸುಲಭವಲ್ಲ. ಮೊದಲ ದಿನ ನಾನು ಎರಡು ಸಲ ಬಿದ್ದೆ, ಮೂರು ಜಿಗಣೆ ಹತ್ತಿದವು, ನನ್ನ ಪಾಲಿನ ಜೊಂಡು ಬಹುಪಾಲು ಹಾಗೇ ನಿಂತಿತ್ತು. ಖತೀಜಮ್ಮ ದಂಡೆಯ ಮೇಲೆ ಕೊಡೆ ಹಿಡಿದು ಕೂತು, "ಇನ್ನಾ ಕೆಳಗ, ಇನ್ನಾ ಕೆಳಗ, ಮೊಳಕಾಲು ಬಗ್ಗಸ್ರಿ ಟೀಚರಮ್ಮಾ" ಎಂದು ಕೂಗುತ್ತಿದ್ದಳು. ಹನ್ನೊಂದು ಭಾನುವಾರ ಹೋದರೂ ಹೋಗಲಿ ಎಂದು ನಿಶ್ಚಯ ಮಾಡಿದ್ದೆ, ನಾಲ್ಕರಲ್ಲಿ ಮುಗಿಯಿತು. ಸಂಘದವರು ನನಗಿಂತ ಗಟ್ಟಿಗರು. ಮೋಟು ನೀರಿನಲ್ಲೇ ಕೊಳೆಯಲೆಂದು ಒಂದು ತಿಂಗಳು ಬಿಟ್ಟೆವು. ಆಮೇಲೆ ಬಸಣ್ಣ ಕೆರೆಗೆ ಬರುವ ಪೈಪಿನ ನೀರು ತಡೆದ. ಕೆರೆ ದಿನಕ್ಕಿಷ್ಟು ಇಳಿಯಿತು. ಅಪ್ಪ ಹಟ ಮಾಡಿ ಊರಿನಲ್ಲೇ ತನ್ನ ತಮ್ಮನ ಮನೆಯಲ್ಲಿ ಉಳಿದು ಬೆಳಿಗ್ಗೆ ಬೆಳಿಗ್ಗೆ ಗೇಜ್ ನೋಡಿ ನನಗೆ ಫೋನ್ ಮಾಡುತ್ತಿದ್ದ. ಸರಿಯಾಗಿ ಒಂದಡಿ ಆದ ದಿನ, "ಆತು" ಎಂದು ಒಂದೇ ಮಾತು ಹೇಳಿ ಇಟ್ಟ.

ಕೆಸರು ಬಿಸಿಲಿಗೆ ಬಿಚ್ಚಿತು. ಹದಿನೈದು ದಿನಕ್ಕೆ ಹಸಿರು ಕಂಡಿತು. ಒಂದು ಕುಡಿ ಕಿತ್ತು ಓಡಿದೆ. ಖತೀಜಮ್ಮ ನೋಡಿ, "ಇದು ಎಮ್ಮಿ ತಿನ್ನೋ ಹುಲ್ಲು" ಎಂದಳು. ಇನ್ನೊಂದು ವಾರಕ್ಕೆ ಇನ್ನೊಂದು ಒಯ್ದೆ. "ಇದು ಹೊನಗೊನಿ, ಪಲ್ಲೆ ಮಾಡು." ಮಾಡಿದೆ, ಉಂಡೆ, ಚೆನ್ನಾಗಿತ್ತು, ಆದರೆ ಮನಸ್ಸು ಅದರಲ್ಲಿರಲಿಲ್ಲ. ಪಂಚಾಯಿತಿಯಿಂದ, ನೀರು ಯಾವಾಗ ತುಂಬಿಸೋಣ ಎಂದು ಎರಡು ಸಲ ಕೇಳಿಯಾಗಿತ್ತು.

ಹೋದ ಭಾನುವಾರ ನಾನು ಏನೂ ಕೀಳಲಿಲ್ಲ. ಅವಳನ್ನೇ ಕೈ ಹಿಡಿದು ಹಳ್ಳದ ಬಾಯಿಗೆ ಕರೆದೊಯ್ದೆ. ಕೆಸರಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಅವಳು ಬಹಳ ಹೊತ್ತು ತಡಕಾಡಿದಳು. ಆಮೇಲೆ ಬೆರಳುದ್ದದ ಒಂದು ಎಳೆ ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದಳು. ಉರುಳಲಿಲ್ಲ, ಚಾಪೆಹುಲ್ಲಿಗಿರುವಂತೆ ಮೂರು ಮೂಲೆ ಇದ್ದವು. "ಇದಾ" ಎಂದಳು. ಅದನ್ನು ನನ್ನ ಅಂಗೈಯಲ್ಲಿಟ್ಟು ಕಣ್ಣೊರೆಸಿಕೊಂಡಳು.

"ಚಾಪಿಗೆ ಯಾವಾಗ ಬರ್ತೈತಿ?" ಎಂದು ಕೇಳಿದೆ.

"ಮೊದಲನೇ ವರ್ಷದ್ದು ಮೆತ್ತಗ, ದನಕ್ಕ ಹಾಕಬೇಕು. ಮುಂದಿನ ಬ್ಯಾಸಗಿಗೆ ಮತ್ತ ಒಂದಡಿ ಇಳಸಬೇಕು. ಎರಡನೇ ಕೊಯ್ಲು ಬಂದ್ರ ಅದು ಚಾಪಿದು."

ಎರಡು ವರ್ಷ. ಪಂಚಾಯಿತಿ ಕೊಟ್ಟದ್ದು ಒಂದು. ಅವಳಿಗೆ ಎಂಬತ್ತರ ಹತ್ತಿರ, ಈ ಚಳಿಗಾಲದಲ್ಲಿ ಎರಡು ಸಲ ದವಾಖಾನೆ ಕಂಡವಳು. ನನ್ನ ಮುಖ ಸುಮ್ಮನಿರಬೇಕಲ್ಲ. ಅವಳು ನನ್ನ ಭುಜ ಹಿಡಿದು ಎದ್ದು, ಸೀರೆಗೆ ಹತ್ತಿದ ಕೆಸರು ಕೊಡವಿದಳು.

"ಮಾರಿ ಯಾಕ ಸಣ್ಣ ಮಾಡ್ತಿ? ಆ ಚಾಪಿ ಆಗೂತನಕ ನನಗ ಸಾಯಾಕ ಪುರಸೊತ್ತಿಲ್ಲ. ನನ್ನ ಎರಡು ವರ್ಷ ನಾ ನೋಡ್ಕೋತೀನಿ ಬೇಟಿ, ಮುಂದಿನ ವರ್ಷದ ಒಂದಡಿ ನೀ ನೋಡ್ಕೋ."